ದೊಡ್ಡ ಪ್ರಿಂಟರಿನಲ್ಲಿ ಗೆರೆ ಬಿದ್ದಾಗ: ಇಂಕ್ ಮತ್ತು ಮುದ್ರಣದ ದೋಷಗಳನ್ನು ಪತ್ತೆಹಚ್ಚುವ ಬಗೆ

ದಾವಣಗೆರೆ, ಚಿತ್ರದುರ್ಗದ ಫ್ಲೆಕ್ಸ್ ಅಂಗಡಿಗಳಲ್ಲಿ ಮುದ್ರಣ ಕೆಟ್ಟಿತೆಂದರೆ ಆಪರೇಟರನ ಕೈ ಮೊದಲು ಹೋಗುವುದು, ಹೆಡ್ಡಿನಿಂದ ಇಂಕನ್ನು ಹೀರಿ ತೆಗೆದು ತೊಳೆಯುವ ಕ್ಲೀನಿಂಗ್ ಗುಂಡಿಗೆ. ಒಮ್ಮೆ ಒತ್ತಿ ಸರಿಹೋಗದಿದ್ದರೆ ಮತ್ತೊಮ್ಮೆ, ಅದಕ್ಕೂ ಬಗ್ಗದಿದ್ದರೆ ಸ್ಟ್ರಾಂಗ್ ಕ್ಲೀನಿಂಗ್, ಕೊನೆಗೆ ‘ಹೆಡ್ ಹೋಯ್ತು’ ಎಂಬ ತೀರ್ಮಾನ. ಪ್ರತಿ ಕ್ಲೀನಿಂಗಿನಲ್ಲೂ ಒಳ್ಳೆಯ ಇಂಕು ವೇಸ್ಟ್ ಕ್ಯಾನಿಗೆ ಹರಿಯುತ್ತದೆ. ದೋಷವಿರುವುದು ಇಂಕ್ ಬರುವ ದಾರಿಯಲ್ಲಾದರೆ, ಆ ಹೀರುವಿಕೆಯೇ ಪೈಪಿನೊಳಗೆ ಇನ್ನಷ್ಟು ಗಾಳಿಯನ್ನು ಎಳೆದು ತಂದು, ಅರ್ಧ ಕೆಟ್ಟಿದ್ದನ್ನು ಪೂರ್ತಿ ಕೆಡಿಸುತ್ತದೆ. ಈ ಯಂತ್ರಗಳಲ್ಲಿ ಅತ್ಯಂತ ದುಬಾರಿಯಾದ ಬಿಡಿಭಾಗವೆಂದರೆ ಇಂಕನ್ನು ಹನಿಹನಿಯಾಗಿ ಚಿಮ್ಮಿಸುವ ಪ್ರಿಂಟ್ ಹೆಡ್; ಆದರೆ ಹೆಡ್ಡಿನ ತಲೆಗೆ ಕಟ್ಟುವ ದೋಷಗಳಲ್ಲಿ ಬಹುಪಾಲು ಕೆಲವೇ ನೂರು ರೂಪಾಯಿಯ ಡ್ಯಾಂಪರ್ (ಹೆಡ್ಡಿನ ಮೇಲೆ ಕೂರುವ ಇಂಕಿನ ಪುಟ್ಟ ಪೆಟ್ಟಿಗೆ), ಹೆಡ್ಡನ್ನು ಮುಚ್ಚುವ ಕ್ಯಾಪ್‌ಟಾಪ್, ಓ-ರಿಂಗ್‌ಗಳಿಗೆ ಅಥವಾ ಅಂಗಡಿಯ ಹವೆಗೆ ಸೇರಿದವು. ಆದ್ದರಿಂದ ಗುಂಡಿ ಒತ್ತುವ ಮೊದಲು ಮುದ್ರಣವನ್ನೇ ಓದಿ, ದೋಷ ಎಲ್ಲಿದೆಯೆಂದು ನಿರ್ಧರಿಸುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ನಮ್ಮ ಭಾಗದಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಎರಡು ಬಗೆಯ ಯಂತ್ರಗಳು. ಒಂದು, ಎಪ್ಸನ್ ಡಿಎಕ್ಸ್5, ಎಕ್ಸ್‌ಪಿ600, ಐ3200 ಹೆಡ್ಡುಗಳಿರುವ ಇಕೋ ಸಾಲ್ವೆಂಟ್ (ಸೌಮ್ಯ ದ್ರಾವಕದ ಇಂಕು ಬಳಸುವ) ಯಂತ್ರ. ಇನ್ನೊಂದು, ಕೊನಿಕಾ ಮಿನೋಲ್ಟಾ 512ಐ ಮುಂತಾದ ಹೆಡ್ಡುಗಳಿರುವ ಸಾಲ್ವೆಂಟ್ (ತೀಕ್ಷ್ಣ ದ್ರಾವಕದ ಇಂಕು ಬಳಸುವ) ಯಂತ್ರ. ಇಂಕು, ಒತ್ತಡದ ವ್ಯವಸ್ಥೆ, ವೇಗ ಇವು ಬೇರೆಬೇರೆಯಾದರೂ ದೋಷವನ್ನು ಹುಡುಕುವ ತರ್ಕ ಎರಡಕ್ಕೂ ಒಂದೇ. ಬೇರೆಯಾಗುವಲ್ಲಿ ಹಾಗೆಂದು ಹೇಳಿದ್ದೇನೆ.

ಮೊದಲು ಗೆರೆಯ ದಿಕ್ಕು ನೋಡಿ

ಮುದ್ರಣದಲ್ಲಿ ಗೆರೆ ಕಂಡಾಗ ಕೇಳಬೇಕಾದ ಮೊದಲ ಪ್ರಶ್ನೆ, ಅದು ಹೆಡ್ ಓಡುವ ದಿಕ್ಕಿನಲ್ಲಿದೆಯೇ ಅಥವಾ ಮೀಡಿಯಾ (ಮುದ್ರಿಸುವ ಫ್ಲೆಕ್ಸ್, ವಿನೈಲುಗಳ ಹಾಳೆ) ಮುಂದೆ ಸರಿಯುವ ದಿಕ್ಕಿನಲ್ಲಿದೆಯೇ ಎಂಬುದು. ಹೆಡ್ ಓಡುವ ದಿಕ್ಕಿನ ಗೆರೆಗೆ ಕಾರಣ ಸಾಮಾನ್ಯವಾಗಿ ಮುಚ್ಚಿದ ನಾಝಲ್ (ಇಂಕು ಚಿಮ್ಮುವ ಸೂಕ್ಷ್ಮ ರಂಧ್ರ), ಇಂಕಿನ ಕೊರತೆ ಅಥವಾ ತಪ್ಪಿದ ಸ್ಟೆಪ್ (ಹೆಡ್ಡಿನ ಪ್ರತಿ ಓಟಕ್ಕೆ ಮೀಡಿಯಾ ಸರಿಯುವ ಹೆಜ್ಜೆ). ಮೀಡಿಯಾ ಸರಿಯುವ ದಿಕ್ಕಿನಲ್ಲಿ, ಅಂದರೆ ರೋಲಿನ ಉದ್ದಕ್ಕೂ ಪಟ್ಟೆ ಬಿದ್ದರೆ ಹೆಡ್ಡನ್ನು ಬಿಟ್ಟು ಎನ್‌ಕೋಡರ್ ಸ್ಟ್ರಿಪ್, ಹೆಡ್ಡನ್ನು ಹೊತ್ತೋಡುವ ಕ್ಯಾರೇಜಿನ ಬೆಲ್ಟ್, ಹೀಟರಿನ ಏರುಪೇರು, ಪ್ಲಾಟನ್ (ಮೀಡಿಯಾ ಹಾಯುವ ಹಲಗೆ) ಮೇಲೆ ಉಬ್ಬಿದ ಮೀಡಿಯಾ ಇವುಗಳ ಕಡೆ ನೋಡಬೇಕು. ಎನ್‌ಕೋಡರ್ ಸ್ಟ್ರಿಪ್ ಎಂಬುದು ಕ್ಯಾರೇಜಿನ ಹಿಂದೆ ಉದ್ದಕ್ಕೂ ಬಿಗಿದಿರುವ, ಸೂಕ್ಷ್ಮ ಗೆರೆಗಳುಳ್ಳ ಪಾರದರ್ಶಕ ಪಟ್ಟಿ. ಹೆಡ್ ಎಲ್ಲಿದೆಯೆಂಬುದನ್ನು ಯಂತ್ರ ತಿಳಿಯುವುದು ಅದರಿಂದಲೇ. ಅದರ ಮೇಲೆ ಇಂಕಿನ ಮಂಜು ಅಥವಾ ಗ್ರೀಸು ಕುಳಿತರೆ ಚಿತ್ರ ಒಂದೇ ಜಾಗದಲ್ಲಿ ಪದೇ ಪದೇ ಜರುಗುತ್ತದೆ, ಕೆಲವೊಮ್ಮೆ ಕ್ಯಾರೇಜೇ ಗಕ್ಕನೆ ನಿಂತು ಎರರ್ ತೋರಿಸುತ್ತದೆ. ನಾರು ಬಿಡದ ಬಟ್ಟೆಯನ್ನು ತುಸು ಒದ್ದೆ ಮಾಡಿ, ಪಟ್ಟಿಯನ್ನು ಎಳೆಯದೆ, ಒಂದೇ ದಿಕ್ಕಿನಲ್ಲಿ ಒರೆಸಿದರೆ ಸಾಕಾಗುತ್ತದೆ. ಇಲ್ಲಿ ಕ್ಲೀನಿಂಗ್ ಸಲ್ಯೂಷನ್ ಬಳಸಬಾರದು. ಸಾಲ್ವೆಂಟ್ ತಗಲಿದರೆ ಪಟ್ಟಿಯ ಗೆರೆಗಳೇ ಅಳಿಸಿಹೋಗುವ ಅಪಾಯವಿದೆ.

ಗೆರೆ ಯಂತ್ರದ್ದೋ ಫೈಲಿನದ್ದೋ ಎಂಬ ಸಂಶಯ ಬಂದರೆ ವಿನ್ಯಾಸವನ್ನು 90 ಡಿಗ್ರಿ ತಿರುಗಿಸಿ ಒಂದು ತುಂಡನ್ನು ಮುದ್ರಿಸಿ. ಗೆರೆಯೂ ಚಿತ್ರದೊಂದಿಗೆ ತಿರುಗಿದರೆ ದೋಷ ಫೈಲಿನಲ್ಲಿದೆ. ಚಿತ್ರ ತಿರುಗಿ ಗೆರೆ ಮಾತ್ರ ಮೊದಲಿನ ದಿಕ್ಕಿನಲ್ಲೇ ಉಳಿದರೆ ದೋಷ ಯಂತ್ರದ್ದು. ಒಂದಡಿ ಫ್ಲೆಕ್ಸ್ ಖರ್ಚಾಗುವ ಈ ಪರೀಕ್ಷೆಯನ್ನು ಮಾಡದೆ ಅರ್ಧ ದಿನ ಹೆಡ್ ತೊಳೆಯುವವರು ಕಡಿಮೆಯೇನಿಲ್ಲ.

ಗೆರೆಗಳ ನಡುವಿನ ಅಂತರವನ್ನು ಸ್ಕೇಲಿನಿಂದ ಅಳೆಯುವುದೂ ಉಪಯುಕ್ತ. ಡಿಎಕ್ಸ್5 ಹೆಡ್ಡಿನಲ್ಲಿ 8 ಸಾಲು, ಪ್ರತಿ ಸಾಲಿಗೆ 180ರಂತೆ ಒಟ್ಟು 1440 ನಾಝಲ್‌ಗಳಿವೆ. ಒಂದು ಸಾಲಿನ ಉದ್ದ ಸುಮಾರು ಒಂದು ಇಂಚು, ಅಂದರೆ 25.4 ಮಿಲಿಮೀಟರ್. 8 ಪಾಸಿನಲ್ಲಿ, ಅಂದರೆ ಒಂದೇ ಜಾಗದ ಮೇಲೆ ಹೆಡ್ ಎಂಟು ಸಲ ಓಡಿ ಮುದ್ರಿಸುವಾಗ ಮೀಡಿಯಾ ಪ್ರತಿ ಸಲ ಅದರ ಎಂಟನೇ ಒಂದು ಭಾಗ, ಸುಮಾರು 3.2 ಮಿಲಿಮೀಟರ್ ಸರಿಯುತ್ತದೆ. ಐ3200 ಹೆಡ್ಡಿನಲ್ಲಿ 3200 ನಾಝಲ್‌ಗಳಿದ್ದು ಸಾಲಿನ ಉದ್ದ ಸುಮಾರು 33.8 ಮಿಲಿಮೀಟರ್, ಆದ್ದರಿಂದ 8 ಪಾಸಿನ ಹೆಜ್ಜೆ ಸುಮಾರು 4.2 ಮಿಲಿಮೀಟರ್. ಅಳೆದ ಅಂತರ ಈ ಹೆಜ್ಜೆಗೆ ಸರಿಹೊಂದಿದರೆ, ನಾಝಲ್ ಚೆಕ್ (ಪ್ರತಿ ನಾಝಲಿನಿಂದ ಒಂದೊಂದು ಗೆರೆ ಹಾಕಿಸುವ ಪರೀಕ್ಷಾ ಮುದ್ರಣ) ಕೂಡ ಚೆನ್ನಾಗಿದ್ದರೆ, ಹೆಡ್ಡನ್ನು ಮುಟ್ಟುವ ಅಗತ್ಯವೇ ಇಲ್ಲ, ಸ್ಟೆಪ್ ಸರಿಪಡಿಸಿದರೆ ಸಾಕು. ಅಂತರ ಇದಕ್ಕಿಂತ ಬಹಳ ದೊಡ್ಡದಾಗಿದ್ದು, ಮೀಡಿಯಾ ಎಳೆಯುವ ರೋಲರಿನ ಒಂದು ಸುತ್ತಿಗೆ ಹೊಂದುತ್ತಿದ್ದರೆ ರೋಲರಿನ ಮೇಲೆ ಅಂಟಿದ ಗಮ್ ಅಥವಾ ಅದರ ಸವೆತವನ್ನು ಶಂಕಿಸಬೇಕು.

ನಾಝಲ್ ಚೆಕ್ ಒಂದಲ್ಲ, ಮೂರು

ಒಂದೇ ನಾಝಲ್ ಚೆಕ್ ನೋಡಿ ತೀರ್ಮಾನಕ್ಕೆ ಬರುವುದೇ ಹೆಚ್ಚಿನ ತಪ್ಪುಗಳ ಮೂಲ. ಕ್ಲೀನಿಂಗ್ ಮಾಡದೆ, ಬೆನ್ನು ಬೆನ್ನಿಗೆ ಮೂರು ಚೆಕ್ ತೆಗೆದು ಪಕ್ಕಪಕ್ಕದಲ್ಲಿಟ್ಟು ಹೋಲಿಸಬೇಕು. ಮೂರರಲ್ಲೂ ಅದೇ ಜಾಗದ ಅದೇ ನಾಝಲ್‌ಗಳು ಇಲ್ಲವೆಂದರೆ ಅಲ್ಲಿ ಇಂಕು ಒಣಗಿ ಕಟ್ಟಿಕೊಂಡಿದೆ, ಇಲ್ಲವೇ ಆ ನಾಝಲ್ ವಿದ್ಯುತ್ತಿನ ದೃಷ್ಟಿಯಿಂದ ಸತ್ತಿದೆ. ಒಂದೊಂದು ಚೆಕ್ಕಿನಲ್ಲಿ ಒಂದೊಂದು ಕಡೆ ಬಿಟ್ಟುಹೋಗುತ್ತಿದ್ದರೆ ಕಟ್ಟಿಕೊಂಡಿರುವುದು ಏನೂ ಇಲ್ಲ. ಹೆಡ್ಡಿನೊಳಗೆ ಗಾಳಿ ಓಡಾಡುತ್ತಿದೆ. ಮೊದಲನೆಯದರಲ್ಲಿ ಎಲ್ಲವೂ ಇದ್ದು, ಎರಡನೆಯದರಲ್ಲಿ ಕೆಲವು ಹೋಗಿ, ಮೂರನೆಯದರಲ್ಲಿ ಇನ್ನಷ್ಟು ಹೋದರೆ ಆ ಬಣ್ಣಕ್ಕೆ ಸಾಕಷ್ಟು ಇಂಕು ತಲುಪುತ್ತಿಲ್ಲ. ಗೆರೆಗಳೆಲ್ಲ ಇದ್ದೂ ಕೆಲವು ಓರೆಯಾಗಿ ಬಿದ್ದಿದ್ದರೆ ನಾಝಲಿನ ಬಾಯಲ್ಲಿ ನಾರು ಅಥವಾ ದಪ್ಪಗಾದ ಇಂಕು ಅಂಟಿಕೊಂಡಿದೆ. ಒಂದು ಬಣ್ಣದ ಗೆರೆಗಳಲ್ಲಿ ಇನ್ನೊಂದು ಬಣ್ಣದ ಛಾಯೆ ಕಂಡರೆ ಕ್ಯಾಪಿನಲ್ಲಿ ಇಂಕು ನಿಂತು ಹಿಂದಕ್ಕೆ ಹೀರಿಕೊಳ್ಳುತ್ತಿದೆ, ಅಥವಾ ಕೊಳೆಯಾದ ವೈಪರ್ (ಹೆಡ್ಡಿನ ತಳವನ್ನು ಒರೆಸುವ ಪಟ್ಟಿ) ಒಂದು ಬಣ್ಣವನ್ನು ಮತ್ತೊಂದರ ಮೇಲೆ ಬಳಿಯುತ್ತಿದೆ.

ಈ ಐದು ಸ್ಥಿತಿಗಳಲ್ಲಿ ಕ್ಲೀನಿಂಗ್ ಗುಂಡಿಯಿಂದ ಪ್ರಯೋಜನವಾಗುವುದು ಮೊದಲನೆಯದರಲ್ಲಿ ಮತ್ತು ಸ್ವಲ್ಪಮಟ್ಟಿಗೆ ನಾಲ್ಕನೆಯದರಲ್ಲಿ ಮಾತ್ರ. ಅಲ್ಲಿಯೂ ಎರಡು ಸಾಧಾರಣ ಕ್ಲೀನಿಂಗ್ ಮುಗಿದ ಮೇಲೆ ಒಂದೂ ನಾಝಲ್ ಮರಳದಿದ್ದರೆ ಮುಂದುವರಿಸಬಾರದು.

ಪೂರ್ತಿ ಒಂದು ಬಣ್ಣವೇ ಕಾಣೆಯಾದರೆ ಗಾಬರಿಯಾಗುವುದು ಸಹಜ. ಆದರೆ ನೂರಾರು ನಾಝಲ್‌ಗಳು ಒಂದೇ ರಾತ್ರಿಯಲ್ಲಿ ಒಟ್ಟಿಗೆ ಕಟ್ಟಿಕೊಳ್ಳುವುದು ವಿರಳ. ಡ್ಯಾಂಪರ್ ಖಾಲಿಯಾಗಿದೆಯೇ, ಆ ಬಣ್ಣದ ಟ್ಯಾಂಕಿನಲ್ಲಿ ಇಂಕು ಇದೆಯೇ, ಹೆಡ್ಡಿನ ಕೇಬಲ್ ಸಡಿಲವಾಗಿದೆಯೇ ಎಂಬ ಮೂರನ್ನು ನೋಡಿದರೆ ಕಾರಣ ಬಹುತೇಕ ಸಿಗುತ್ತದೆ. ಇದಕ್ಕೆ ವಿರುದ್ಧವಾಗಿ, ಮುದ್ರಿಸಲು ಹೇಳದ ಜಾಗದಲ್ಲೂ ಒಂದು ಬಣ್ಣ ಸತತವಾಗಿ ಸುರಿಯುತ್ತಿದ್ದರೆ ಅದು ಬೋರ್ಡಿನ ಅಥವಾ ಹೆಡ್ಡಿನ ವಿದ್ಯುತ್ ದೋಷ; ಕೂಡಲೇ ಯಂತ್ರವನ್ನು ಆರಿಸಿ ತಂತ್ರಜ್ಞರನ್ನು ಕರೆಯಬೇಕು.

ಇಂಕು ತಲುಪದಿರುವುದು

ಬ್ಯಾನರಿನ ಮೊದಲ ಎರಡು ಅಡಿ ಗಾಢವಾಗಿ ಬಂದು, ಆಮೇಲೆ ಕೆಂಪು ಹಿನ್ನೆಲೆ ಗುಲಾಬಿಯಾಗುತ್ತಾ, ಗೆರೆ ಗೆರೆಯಾಗುತ್ತಾ ಹೋಗುವುದು ಎಲ್ಲರಿಗೂ ಪರಿಚಿತವಾದ ದೃಶ್ಯ. ನಮ್ಮಲ್ಲಿ ಇದು ಇನ್ನೂ ಬೇಗ ಬಯಲಾಗುತ್ತದೆ, ಏಕೆಂದರೆ ದುಗ್ಗಮ್ಮನ ಜಾತ್ರೆಯ ಬ್ಯಾನರಿರಲಿ, ನಾಯಕನಹಟ್ಟಿಯ ಜಾತ್ರೆಯ ಸ್ವಾಗತ ಕಮಾನಿರಲಿ, ರಾಜ್ಯೋತ್ಸವದ ಫಲಕವಿರಲಿ, ಹಿನ್ನೆಲೆ ಪೂರ್ತಿ ಕೆಂಪು, ಹಳದಿ, ಕೇಸರಿಯ ಗಟ್ಟಿ ಬಣ್ಣ. ಕೆಂಪು ಬರುವುದು ಮೆಜೆಂಟಾ ಮತ್ತು ಹಳದಿ ಎರಡನ್ನೂ ಪೂರ್ಣವಾಗಿ ಸುರಿಸಿದಾಗ. ಫೋಟೋ ಮುದ್ರಣದಲ್ಲಿ ತಿಂಗಳುಗಟ್ಟಲೆ ಅಡಗಿಕೊಂಡಿರುವ ದುರ್ಬಲ ಡ್ಯಾಂಪರ್ ಜಾತ್ರೆಯ ಒಂದು ಬ್ಯಾನರಿನಲ್ಲಿ ಸಿಕ್ಕಿಬೀಳುವುದು ಈ ಕಾರಣದಿಂದ.

ಖಚಿತಪಡಿಸಿಕೊಳ್ಳಲು ಪ್ರತಿ ಬಣ್ಣದ ನೂರಕ್ಕೆ ನೂರರಷ್ಟು ಗಟ್ಟಿ ಪಟ್ಟಿಯೊಂದನ್ನು, ಒಂದು ಅಡಿ ಎತ್ತರಕ್ಕಾದರೂ, ಸಾಧ್ಯವಾದಷ್ಟು ಅಗಲಕ್ಕೆ ಮುದ್ರಿಸಿ, ಮುಗಿದ ಕೂಡಲೇ ನಾಝಲ್ ಚೆಕ್ ತೆಗೆಯಿರಿ. ನಾಝಲ್‌ಗಳು ಹೋಗಿರುತ್ತವೆ. ಈಗ ಕ್ಲೀನಿಂಗ್ ಮಾಡದೆ ಹತ್ತು ನಿಮಿಷ ಹೆಡ್ಡನ್ನು ಕ್ಯಾಪ್ ಮೇಲೆ ಸುಮ್ಮನೆ ಬಿಟ್ಟು ಮತ್ತೆ ಚೆಕ್ ತೆಗೆಯಿರಿ. ಹೋದವು ತಾವಾಗಿಯೇ ಮರಳಿದ್ದರೆ ಹೆಡ್ ಆರೋಗ್ಯವಾಗಿದೆ, ಇಂಕು ನಿಧಾನವಾಗಿ ಬರುತ್ತಿದೆ ಎಂದು ನಿಸ್ಸಂದೇಹವಾಗಿ ಹೇಳಬಹುದು. ಈ ಹತ್ತು ನಿಮಿಷದ ಕಾಯುವಿಕೆಯಷ್ಟು ಹಣ ಉಳಿಸುವ ಪರೀಕ್ಷೆ ಈ ಕೆಲಸದಲ್ಲಿ ಇನ್ನೊಂದಿಲ್ಲವೆಂಬುದು ನನ್ನ ಅಭಿಪ್ರಾಯ.

ಕಾರಣವನ್ನು ಟ್ಯಾಂಕಿನಿಂದ ಹೆಡ್ಡಿನ ಕಡೆಗೆ, ಇಂಕು ಹರಿಯುವ ದಾರಿಯಲ್ಲೇ ಹುಡುಕುತ್ತಾ ಬರಬೇಕು. ಟ್ಯಾಂಕಿನ ಮುಚ್ಚಳದ ಗಾಳಿರಂಧ್ರ ಮುಚ್ಚಿಹೋಗಿದ್ದರೆ ಒಳಗೆ ನಿರ್ವಾತ ಉಂಟಾಗಿ ಇಂಕು ಇಳಿಯುವುದು ನಿಲ್ಲುತ್ತದೆ. ಧೂಳು ಬೀಳದಿರಲೆಂದು ಮುಚ್ಚಳವನ್ನು ಟೇಪಿನಿಂದ ಬಿಗಿಯಾಗಿ ಸುತ್ತಿಟ್ಟ ಅಂಗಡಿಗಳಲ್ಲಿ ದೋಷವೆಲ್ಲ ಇಷ್ಟೇ ಆಗಿರುತ್ತದೆ. ರಂಧ್ರದ ಮೇಲೆ ತೆಳುವಾದ ಫಿಲ್ಟರ್ ಇಡಬಹುದೇ ಹೊರತು ಟೇಪು ಹಚ್ಚಬಾರದು. ಮುಂದೆ ಪೈಪುಗಳು ಕ್ಯಾರೇಜಿನ ಪ್ಲಾಸ್ಟಿಕ್ ಸರಪಳಿಯೊಳಗೆ ಎಲ್ಲಾದರೂ ಮಡಚಿಕೊಂಡಿವೆಯೇ ನೋಡಬೇಕು. ಆಮೇಲೆ ಫಿಲ್ಟರ್. ಅದು ಕಪ್ಪಗೆ ಕೆಸರುಗಟ್ಟಿದ್ದರೆ ತೊಳೆದು ಮತ್ತೆ ಹಾಕುವ ಗೋಜಿಗೆ ಹೋಗದೆ ಹೊಸದನ್ನೇ ಹಾಕುವುದು ಒಳ್ಳೆಯದು.

ಕೊನೆಯಲ್ಲಿ ಡ್ಯಾಂಪರ್. ಎಪ್ಸನ್ ಹೆಡ್ಡಿನ ಯಂತ್ರಗಳಲ್ಲಿ ಹೆಡ್ಡಿನ ತಲೆಯ ಮೇಲೆ ಕೂರುವ ಈ ಪುಟ್ಟ ಪೆಟ್ಟಿಗೆಯೊಳಗೆ ಸೂಕ್ಷ್ಮವಾದ ಜಾಲರಿಯಿದ್ದು, ಇಂಕಿನ ಕಸವನ್ನು ತಡೆಯುವುದರ ಜೊತೆಗೆ ಕ್ಯಾರೇಜ್ ಓಡುವಾಗಿನ ಕುಲುಕಾಟವನ್ನೂ ತಗ್ಗಿಸುತ್ತದೆ. ಅದರಲ್ಲಿ ಇಂಕು ಅರ್ಧಕ್ಕಿಂತ ಮೇಲಿರಬೇಕು. ಖಾಲಿಯಾಗಿ ಬರೀ ಗಾಳಿ ಕಂಡರೆ, ಪೈಪನ್ನು ಡ್ಯಾಂಪರಿಗೆ ಬಿಗಿಯುವ ನಟ್ಟು ಮತ್ತು ಅದರೊಳಗಿನ ಓ-ರಿಂಗನ್ನು ಪರೀಕ್ಷಿಸಿ. ಅಲ್ಲಿಂದ ಇಂಕು ಸೋರದಿದ್ದರೂ ಗಾಳಿ ಒಳಹೋಗಬಲ್ಲದು ಎಂಬುದನ್ನು ಮರೆಯಬಾರದು. ನಟ್ಟನ್ನು ಕೈಯಿಂದ ಬಿಗಿದರೆ ಸಾಕು, ಇಕ್ಕಳ ಬಳಸಿದರೆ ಡ್ಯಾಂಪರಿನ ಕತ್ತು ಸೀಳುತ್ತದೆ. ಹೊಸ ಡ್ಯಾಂಪರ್ ಹಾಕಿದ ಮೇಲೆ ಸಿರಿಂಜಿನಿಂದ ಅದರ ಕೆಳಬಾಯಿಯಲ್ಲಿ ಮೆಲ್ಲನೆ ಎಳೆದು ಇಂಕು ತುಂಬಿಸಿ, ಗುಳ್ಳೆಗಳು ಹೋದ ನಂತರವೇ ಹೆಡ್ಡಿಗೆ ಕೂರಿಸಬೇಕು. ದಿನವಿಡೀ ಓಡುವ ಯಂತ್ರದಲ್ಲಿ ಎಲ್ಲ ಬಣ್ಣದ ಡ್ಯಾಂಪರ್‌ಗಳನ್ನೂ ಒಟ್ಟಿಗೆ ಬದಲಿಸುವುದು, ಕೆಟ್ಟಾಗ ಕೆಟ್ಟಾಗ ಒಂದೊಂದನ್ನು ಬದಲಿಸುವುದಕ್ಕಿಂತ ಲಾಭದಾಯಕ.

ಕೊನಿಕಾ ಹೆಡ್ಡಿನ ಸಾಲ್ವೆಂಟ್ ಯಂತ್ರಗಳಲ್ಲಿ ಸಬ್ ಟ್ಯಾಂಕ್, ಅದಕ್ಕೆ ಇಂಕು ಏರಿಸುವ ಪಂಪು, ಮಟ್ಟ ತಿಳಿಸುವ ಫ್ಲೋಟ್ ಸೆನ್ಸರ್ ಮತ್ತು ಹೆಡ್ಡಿನಿಂದ ಇಂಕು ತೊಟ್ಟಿಕ್ಕದಂತೆ ಹಿಡಿದಿಡುವ ಋಣ ಒತ್ತಡದ ವ್ಯವಸ್ಥೆ ಇರುತ್ತವೆ. ಋಣ ಒತ್ತಡ ಕಡಿಮೆಯಾದರೆ ಹೆಡ್ಡಿನ ತಳದಲ್ಲಿ ಹನಿಗಳು ಜೋತುಬಿದ್ದು ಫ್ಲೆಕ್ಸಿನ ಮೇಲೆ ಬೀಳುತ್ತವೆ. ಹೆಚ್ಚಾದರೆ ನಾಝಲ್‌ಗಳು ಗಾಳಿಯನ್ನು ಒಳಗೆಳೆದುಕೊಂಡು, ವೇಗವಾಗಿ ಮುದ್ರಿಸುವಾಗ ಒಂದೊಂದಾಗಿ ಬಿಟ್ಟುಹೋಗುತ್ತವೆ. ಕೈಪಿಡಿಯಲ್ಲಿರುವ ಮೌಲ್ಯಕ್ಕೆ ಅದನ್ನು ಹೊಂದಿಸಿ, ಆ ಅಂಕಿಯನ್ನು ಯಂತ್ರದ ಮೈಮೇಲೆ ಬರೆದಂಟಿಸಿ. ಮುಂದೆ ಅದು ಜರುಗಿದಾಗ ಒಂದೇ ನೋಟಕ್ಕೆ ತಿಳಿಯುತ್ತದೆ.

ಕ್ಯಾಪ್‌ಟಾಪ್ ಮತ್ತು ಹೆಡ್ ತೊಳೆಯುವುದು

ರಾತ್ರಿ ಸರಿಯಾಗಿದ್ದ ಯಂತ್ರ ಬೆಳಿಗ್ಗೆ ಅರ್ಧ ನಾಝಲ್ ಇಲ್ಲದೆ ಏಳುತ್ತದೆಯೆಂದರೆ ಮೊದಲ ಸಂಶಯ ಕ್ಯಾಪ್‌ಟಾಪಿನ ಮೇಲೆ. ವಿಶ್ರಾಂತಿಯಲ್ಲಿ ಹೆಡ್ಡನ್ನು ಗಾಳಿಯಾಡದಂತೆ ಮುಚ್ಚುವ ಈ ರಬ್ಬರ್ ಬಟ್ಟಲಿನ ಅಂಚು ಸವೆದರೆ, ಅಥವಾ ಅಂಚಿನ ಮೇಲೆ ಇಂಕಿನ ಹೆಪ್ಪು ಕುಳಿತರೆ, ಮುಚ್ಚಿದಂತೆ ಕಂಡರೂ ಒಳಗೆ ಗಾಳಿಯಾಡಿ ಇಂಕು ಒಣಗುತ್ತದೆ. ಪರೀಕ್ಷಿಸಲು ಕ್ಯಾಪಿನ ತುಂಬ ಕ್ಲೀನಿಂಗ್ ಸಲ್ಯೂಷನ್ ಹಾಕಿ, ಪಂಪನ್ನು ಓಡಿಸದೆ ಹತ್ತು ನಿಮಿಷ ಬಿಡಿ. ದ್ರವ ತಾನಾಗಿಯೇ ಇಳಿದುಹೋದರೆ ಕೆಳಗಿನ ಪೈಪು ಅಥವಾ ಪಂಪು ಹಿಡಿಯುತ್ತಿಲ್ಲ. ಬಳಿಕ ಪಂಪು ಓಡಿಸಿ. ಕ್ಷಣಗಳಲ್ಲಿ ಖಾಲಿಯಾಗದಿದ್ದರೆ ವೇಸ್ಟ್ ಪೈಪು ಕಟ್ಟಿದೆ ಅಥವಾ ಪಂಪು ಸೋತಿದೆ. ಎರಡೂ ಸರಿಯಿದ್ದು, ಹೆಡ್ ಕೂತಾಗ ಮಾತ್ರ ಹೀರುವಿಕೆ ಸಾಲದಿದ್ದರೆ ಕ್ಯಾಪಿನ ಅಂಚು ಅಥವಾ ಅದರ ಎತ್ತರ ಸರಿಯಿಲ್ಲ. ಇಂತಹ ಯಂತ್ರದಲ್ಲಿ ನೂರು ಸಲ ಕ್ಲೀನಿಂಗ್ ಒತ್ತಿದರೂ ಹೆಡ್ಡಿನಿಂದ ಹನಿ ಇಂಕೂ ಹೊರಬರುವುದಿಲ್ಲ.

ನಿಜವಾಗಿ ಒಣಗಿದ ಹೆಡ್ಡಿಗೆ ಬೇಕಾದುದು ಬಲವಲ್ಲ, ಸಮಯ. ಅದೇ ಇಂಕಿಗೆ ಹೊಂದುವ ಕ್ಲೀನಿಂಗ್ ಸಲ್ಯೂಷನ್ನನ್ನು ಕ್ಯಾಪಿನಲ್ಲಿ ತುಂಬಿ, ಹೆಡ್ಡನ್ನು ಅದರ ಮೇಲೆ ಕೂರಿಸಿ, ಯಂತ್ರವನ್ನು ಆರಿಸಿ ಕೆಲವು ಗಂಟೆ ಅಥವಾ ಇಡೀ ರಾತ್ರಿ ನೆನೆಯಲು ಬಿಡಿ. ಬೆಳಿಗ್ಗೆ ಒಂದು ಸಾಧಾರಣ ಕ್ಲೀನಿಂಗ್ ಮಾಡಿ ನೋಡಿ. ನಾಝಲ್‌ಗಳು ಸ್ವಲ್ಪ ಮರಳಿದ್ದರೂ ಇದೇ ದಾರಿ ಸರಿಯೆಂದು ತಿಳಿದು ಇನ್ನೊಂದು ರಾತ್ರಿ ಬಿಡಿ. ಸಾಲ್ವೆಂಟ್ ಇಂಕಿನ ಹೆಡ್ಡಿಗೆ ನೀರು ತಾಗಿಸಬಾರದು. ನಮ್ಮ ಬೋರ್‌ವೆಲ್ಲಿನ ಗಡಸು ನೀರನ್ನಂತೂ ಕ್ಯಾಪ್ ತೊಳೆಯಲೂ ಬಳಸಬಾರದು. ಒಬ್ಬರ ಇಂಕಿಗೆ ಇನ್ನೊಬ್ಬರ ಅಗ್ಗದ ಫ್ಲಶಿಂಗ್ ದ್ರವ ಸೇರಿದರೆ ಇಂಕು ಮೊಸರಿನಂತೆ ಒಡೆದು ಹೆಡ್ಡಿನೊಳಗೇ ಗಟ್ಟಿಯಾಗಬಹುದು. ಸಂಶಯವಿದ್ದಲ್ಲಿ ಗಾಜಿನ ಸೀಸೆಯಲ್ಲಿ ಎರಡನ್ನೂ ಬೆರೆಸಿ ಒಂದು ದಿನ ಇಟ್ಟು ನೋಡಿದರೆ ಉತ್ತರ ತಳದಲ್ಲಿ ಕುಳಿತಿರುತ್ತದೆ.

ಸಿರಿಂಜಿನಿಂದ ಹೆಡ್ಡಿಗೆ ದ್ರವವನ್ನು ತಳ್ಳುವುದು ಕಡೆಯ ಉಪಾಯ. ಅದನ್ನು ಮಾಡಲೇಬೇಕಾದರೆ ಯಂತ್ರದ ಪ್ಲಗ್ ಕಿತ್ತು, ಕೇಬಲ್ಲಿಗೆ ಒಂದು ಹನಿಯೂ ತಾಗದಂತೆ ಕಾಯ್ದುಕೊಂಡು, ಸಿರಿಂಜಿನ ತೂಕದಷ್ಟೇ ಒತ್ತಡದಲ್ಲಿ ಹನಿಹನಿಯಾಗಿ ಇಳಿಸಬೇಕು. ಬಿರುಸಾಗಿ ತಳ್ಳಿದರೆ ಒಳಗಿನ ತೆಳು ಪದರ ಹರಿದು ಎರಡು ಬಣ್ಣಗಳು ಶಾಶ್ವತವಾಗಿ ಬೆರೆಯುತ್ತವೆ; ಕೇಬಲ್ ಒದ್ದೆಯಾಗಿದ್ದಾಗ ಕರೆಂಟು ಕೊಟ್ಟರೆ ಹೆಡ್ಡಿನ ಜೊತೆ ಬೋರ್ಡೂ ಸುಡಬಹುದು. ಹೆಡ್ಡಿನ ತಳವನ್ನು ಟಿಶ್ಯೂ, ಬನಿಯನ್ ಬಟ್ಟೆಗಳಿಂದ ಉಜ್ಜಬಾರದು. ಫೋಮ್ ಕಡ್ಡಿಯಿಂದ ಅಂಚುಗಳನ್ನು ಮಾತ್ರ ಒರೆಸಿ, ನಾಝಲ್ ತಟ್ಟೆಯನ್ನು ವೈಪರಿಗೇ ಬಿಡಬೇಕು. ವೈಪರಿನ ಅಂಚಿನಲ್ಲಿ ದಿನವೂ ಕೂರುವ ಇಂಕಿನ ಗಸಿಯನ್ನು ಸಂಜೆ ತೆಗೆಯುವುದು ಎರಡು ನಿಮಿಷದ ಕೆಲಸ. ಈ ಎಲ್ಲ ಕೆಲಸಕ್ಕೂ ಕೈಗವಸು, ಕಿಟಕಿ ತೆರೆದ ಕೋಣೆ ಬೇಕು. ಸಾಲ್ವೆಂಟ್ ಇಂಕಿನಲ್ಲಿರುವ ಸೈಕ್ಲೋಹೆಕ್ಸನೋನ್ ಬೆಂಕಿಗೆ ಹೊತ್ತಿಕೊಳ್ಳುವ ದ್ರವ, ಅದರ ಆವಿ ಕಣ್ಣು ಗಂಟಲುಗಳಿಗೆ ಹಿತವಲ್ಲ. ವೇಸ್ಟ್ ಇಂಕನ್ನು ಚರಂಡಿಗೆ ಸುರಿಯಬಾರದು.

ನಾಝಲ್ ಪೂರ್ತಿ ಇದ್ದೂ ಮುದ್ರಣ ಕೆಟ್ಟರೆ

ನಾಝಲ್ ಚೆಕ್ ನಿರ್ದೋಷವಾಗಿದ್ದು ಗೆರೆ ಉಳಿದಿದ್ದರೆ ಸ್ಟೆಪ್ ನೋಡಬೇಕು. ಪಾಸುಗಳ ನಡುವೆ ಬಿಳಿ ಗೆರೆ ಬೀಳುತ್ತಿದ್ದರೆ ಮೀಡಿಯಾ ಬೇಕಾದ್ದಕ್ಕಿಂತ ಹೆಚ್ಚು ಸರಿಯುತ್ತಿದೆ, ಮೌಲ್ಯ ಇಳಿಸಬೇಕು. ಗಾಢವಾದ ಗೆರೆ ಬಿದ್ದರೆ ಪಾಸುಗಳು ಒಂದರ ಮೇಲೊಂದು ಏರುತ್ತಿವೆ, ಮೌಲ್ಯ ಏರಿಸಬೇಕು. ದೊಡ್ಡ ವ್ಯತ್ಯಾಸವಿದ್ದರೆ ರೋಲಿನ ಉದ್ದಕ್ಕೆ ಸರಿಯಾಗಿ ಒಂದು ಮೀಟರಿನ ಗೆರೆ ಮುದ್ರಿಸಿ ಅಳೆಯಿರಿ. ಅದು 1003 ಮಿಲಿಮೀಟರ್ ಬಂದರೆ ಶೇಕಡಾ 0.3ರಷ್ಟು ತಗ್ಗಿಸಬೇಕೆಂದು ಅರ್ಥ. ಸ್ಟಾರ್ ಫ್ಲೆಕ್ಸಿನಿಂದ ವಿನೈಲಿಗೆ, ವಿನೈಲಿನಿಂದ ಬಟ್ಟೆಗೆ ಬದಲಿಸಿದಾಗ, ಹೀಟರಿನ ಬಿಸಿ ಬದಲಿಸಿದಾಗ, ತುಂಬಿದ ರೋಲು ಮುಗಿಯುತ್ತ ಬಂದಾಗ ಈ ಹೆಜ್ಜೆ ಬದಲಾಗುವುದರಿಂದ, ಒಮ್ಮೆ ಹೊಂದಿಸಿದ ಮೌಲ್ಯವನ್ನು ಎಲ್ಲಕ್ಕೂ ಬಳಸಲಾಗದು. ಮೀಡಿಯಾದ ಹೆಸರು, ಪಾಸು, ಸ್ಟೆಪ್, ಹೀಟರ್ ಇಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ಪ್ರತಿ ಸಲ ಹೊಸದಾಗಿ ಹುಡುಕುವುದು ತಪ್ಪುತ್ತದೆ.

ಅಕ್ಷರಗಳು ಎರಡೆರಡಾಗಿ, ನೆರಳು ಬಿದ್ದಂತೆ ಕಂಡರೆ ಹೆಡ್ ಹೋಗುವಾಗ ಮತ್ತು ಬರುವಾಗ ಹಾಕುವ ಹನಿಗಳು ಒಂದೇ ಜಾಗಕ್ಕೆ ಬೀಳುತ್ತಿಲ್ಲ. ಒಂದೇ ದಿಕ್ಕಿನ ಮುದ್ರಣಕ್ಕೆ ಬದಲಿಸಿದಾಗ ನೆರಳು ಮಾಯವಾದರೆ ರೋಗ ಇದೇ. ಹೆಡ್ಡಿನ ಎತ್ತರ ಬದಲಿಸಿದಾಗಲೆಲ್ಲ ಹನಿ ಗಾಳಿಯಲ್ಲಿ ಕಳೆಯುವ ಸಮಯ ಬದಲಾಗುವುದರಿಂದ ಈ ಹೊಂದಾಣಿಕೆಯನ್ನು ಮತ್ತೆ ಮಾಡಲೇಬೇಕು. ವೇಗ ಬದಲಿಸಿದಾಗಲೂ ಹಾಗೆಯೇ. ಯಂತ್ರದೊಂದಿಗೆ ಬರುವ ಪರೀಕ್ಷಾ ಗೆರೆಗಳ ಜೊತೆಗೆ ಸಣ್ಣ ಅಳತೆಯ ಕನ್ನಡ ಅಕ್ಷರಗಳ ಒಂದು ಸಾಲನ್ನೂ ಇಟ್ಟುಕೊಳ್ಳುವಂತೆ ಸಲಹೆ ಕೊಡುತ್ತೇನೆ. ಷ್ಟ್ರ, ಕ್ಷ್ಮಿ, ಸ್ತ್ರೀ ಮುಂತಾದ ಒತ್ತಕ್ಷರಗಳ ಒಳಗಿನ ಕಿರಿದಾದ ಬಿಳಿ ಜಾಗಗಳು ಅರ್ಧ ಮಿಲಿಮೀಟರಿನ ತಪ್ಪಿಗೂ ತುಂಬಿಹೋಗುತ್ತವೆ, ಇಂಗ್ಲಿಷ್ ದೊಡ್ಡಕ್ಷರಗಳಲ್ಲಿ ಅದು ಕಾಣುವುದಿಲ್ಲ. ಅದೇ ಸಂದರ್ಭದಲ್ಲಿ ಇನ್ನೊಂದು ಮಾತು: ನುಡಿ, ಬರಹ ಅಥವಾ ಯೂನಿಕೋಡ್ ಯಾವುದೇ ಇರಲಿ, ರಿಪ್ ತಂತ್ರಾಂಶಕ್ಕೆ (ವಿನ್ಯಾಸವನ್ನು ಪ್ರಿಂಟರಿನ ಹನಿಗಳಾಗಿ ಬದಲಿಸುವ ತಂತ್ರಾಂಶ) ಕಳಿಸುವ ಮೊದಲು ಅಕ್ಷರಗಳನ್ನು ಕರ್ವ್‌ಗೆ (ಫಾಂಟಿನ ಹಂಗಿಲ್ಲದ ಗೆರೆಚಿತ್ರಕ್ಕೆ) ಬದಲಿಸದಿದ್ದರೆ ಒತ್ತುಗಳು ಚೆಲ್ಲಾಪಿಲ್ಲಿಯಾಗುವುದಕ್ಕೆ ಪ್ರಿಂಟರನ್ನು ದೂರಿ ಫಲವಿಲ್ಲ.

ಹೆಡ್ಡಿನ ಎತ್ತರ ಫ್ಲೆಕ್ಸ್, ವಿನೈಲುಗಳಿಗೆ 2 ಮಿಲಿಮೀಟರಿನ ಆಸುಪಾಸಿನಲ್ಲಿದ್ದರೆ ಸಾಮಾನ್ಯವಾಗಿ ಸಾಕು. ಎತ್ತರ ಹೆಚ್ಚಾದಷ್ಟೂ ಅಕ್ಷರದ ಅಂಚಿನಲ್ಲಿ ಮಂಜು ಹಬ್ಬುತ್ತದೆ, ಕಡಿಮೆಯಾದರೆ ಉಬ್ಬಿದ ಮೀಡಿಯಾ ಹೆಡ್ಡಿಗೆ ಉಜ್ಜುತ್ತದೆ. ರಾಜ್ಯದಲ್ಲಿ 2016ರ ಮಾರ್ಚಿನಲ್ಲಿ ಪ್ಲಾಸ್ಟಿಕ್ ಫ್ಲೆಕ್ಸ್, ಬ್ಯಾನರುಗಳನ್ನು ನಿಷೇಧಿಸಿ ಅಧಿಸೂಚನೆ ಬಂದ ಮೇಲೆ ಬಟ್ಟೆಯ ಬ್ಯಾನರ್ ಕೇಳುವವರೂ ಇದ್ದಾರೆ. ಬಟ್ಟೆಯ ನಾರು ಮೇಲೆದ್ದು ನಾಝಲಿಗೆ ಅಂಟುವುದರಿಂದ ಅಲ್ಲಿ ಎತ್ತರವನ್ನು ತುಸು ಹೆಚ್ಚಿಸಿ, ಪ್ರತಿ ಕೆಲಸದ ನಂತರ ವೈಪ್ ಮಾಡಿಸಬೇಕು. ಹಾಗೆಂದು ಎಲ್ಲ ಗೆರೆಗಳ ಬೆನ್ನು ಹತ್ತಬೇಕಾಗಿಲ್ಲ. ನಾಲ್ಕಾರು ನಾಝಲ್ ಇಲ್ಲದ ಯಂತ್ರ 8 ಪಾಸಿನಲ್ಲಿ ಚೆನ್ನಾಗಿಯೇ ಮುದ್ರಿಸುತ್ತದೆ, ಹೆದ್ದಾರಿ ಬದಿಯ ಹೋರ್ಡಿಂಗನ್ನು ಯಾರೂ ಮೂಗಿಗೆ ಹತ್ತಿರ ಹಿಡಿದು ನೋಡುವುದಿಲ್ಲ.

ನಮ್ಮ ಹವೆ, ನಮ್ಮ ಧೂಳು

ಈ ಯಂತ್ರಗಳಿಗೆ 20ರಿಂದ 30 ಡಿಗ್ರಿ ಉಷ್ಣಾಂಶ, ಶೇಕಡಾ 40ರಿಂದ 60ರ ತೇವಾಂಶ ಹಿತ. ಏಪ್ರಿಲ್ ತಿಂಗಳಲ್ಲಿ 40 ಡಿಗ್ರಿಯ ಹತ್ತಿರ ಹೋಗುವ ದಾವಣಗೆರೆಯ ಮಧ್ಯಾಹ್ನಗಳಲ್ಲಿ, ರಾಜ್ಯದ ಅತ್ಯಂತ ಒಣ ಜಿಲ್ಲೆಗಳಲ್ಲೊಂದಾದ ಚಿತ್ರದುರ್ಗದ ಬೇಸಿಗೆಯಲ್ಲಿ, ಷಟರ್ ತೆರೆದ ಅಂಗಡಿಯೊಳಗೆ ಈ ಎರಡೂ ಸಿಗುವುದಿಲ್ಲ. ಉಷ್ಣಾಂಶ ಮತ್ತು ತೇವಾಂಶ ತೋರಿಸುವ ಪುಟ್ಟ ಮೀಟರನ್ನು ಯಂತ್ರದ ಪಕ್ಕ ತೂಗುಹಾಕುವುದು ಮೊದಲ ಕೆಲಸ. ಎಸಿ ಬಿಸಿಯನ್ನು ತಗ್ಗಿಸುತ್ತದೆ, ಆದರೆ ಗಾಳಿಯನ್ನು ಇನ್ನೂ ಒಣಗಿಸುತ್ತದೆ. ಏರ್ ಕೂಲರ್ ತೇವವನ್ನು ಕೊಡುತ್ತದೆ, ಹೊರಗಿನ ಧೂಳನ್ನೂ ಒಳಗೆ ತರುತ್ತದೆ. ಯಾವುದೇ ಆಗಲಿ, ಅದರ ಗಾಳಿ ನೇರವಾಗಿ ಹೆಡ್ ಓಡುವ ಜಾಗಕ್ಕೆ ಬೀಸದಂತೆ ಇಡಬೇಕು. ಹೀಟರಿನ ಬಿಸಿಯನ್ನು ಬೇಸಿಗೆಯಲ್ಲಿ ಮಳೆಗಾಲದಷ್ಟೇ ಇಟ್ಟರೆ ಪ್ಲಾಟನ್ ಕಾವಿಗೆ ನಾಝಲಿನ ಬಾಯಲ್ಲೇ ಇಂಕು ಒಣಗುತ್ತದೆ, ಐದಾರು ಡಿಗ್ರಿ ತಗ್ಗಿಸಿ ನೋಡಬಹುದು.

ಒಣ ಹವೆಯ ಇನ್ನೊಂದು ತೊಂದರೆ ಸ್ಥಿರ ವಿದ್ಯುತ್ತು. ರೋಲು ಬಿಚ್ಚಿಕೊಳ್ಳುವಾಗ ಪ್ಲಾಸ್ಟಿಕ್ ಮೇಲೆ ವಿದ್ಯುದಂಶ ಸಂಗ್ರಹವಾಗಿ, ಹನಿಗಳನ್ನು ಅತ್ತಿತ್ತ ಸೆಳೆದು, ಗಟ್ಟಿ ಬಣ್ಣದ ಅಂಚಿನಲ್ಲಿ ಕೂದಲಿನಂತಹ ಎಳೆಗಳನ್ನು ಮೂಡಿಸುತ್ತದೆ. ಫ್ಲೆಕ್ಸ್ ಮುಟ್ಟಿದಾಗ ಕೈಗೆ ಚುರುಕ್ ಎಂದರೆ ಬೇರೆ ಪುರಾವೆ ಬೇಡ. ಮದ್ದು ಎರಡು: ತೇವಾಂಶವನ್ನು ಹೆಚ್ಚಿಸುವುದು, ಅರ್ಥಿಂಗ್ ಸರಿಪಡಿಸುವುದು. ಮಳೆ ಕಡಿಮೆಯಾದ ನಮ್ಮ ನೆಲದಲ್ಲಿ ಬೇಸಿಗೆಗೆ ಅರ್ಥ್ ಗುಂಡಿ ಒಣಗಿಹೋಗಿ, ತಂತಿ ಇದ್ದೂ ಇಲ್ಲದಂತಾಗಿರುತ್ತದೆ. ಗುಂಡಿಗೆ ಆಗಾಗ ನೀರು ಹಾಕಿಸಿ, ಎಲೆಕ್ಟ್ರಿಷಿಯನ್ನರಿಂದ ನ್ಯೂಟ್ರಲ್ ಮತ್ತು ಅರ್ಥ್ ನಡುವಿನ ವೋಲ್ಟೇಜ್ ಅಳೆಸಬೇಕು. 3 ವೋಲ್ಟ್ ಮೀರಿದ್ದರೆ ಹೆಡ್ ಬೋರ್ಡಿನ ಹಿತದೃಷ್ಟಿಯಿಂದ ಸರಿಪಡಿಸುವುದು ಒಳ್ಳೆಯದು.

ಧೂಳಿಗೆ ಇಲ್ಲಿ ಋತುಗಳಿವೆ. ಮೆಕ್ಕೆಜೋಳ ಮಾರುಕಟ್ಟೆಗೆ ಬರುವ ಕಾಲದ ಹೊಟ್ಟು, ಮಂಡಕ್ಕಿ ಭಟ್ಟಿಗಳ ಕಡೆಯ ಮಸಿ, ಜೋಗಿಮಟ್ಟಿಯ ಗಾಳಿಯಂತ್ರಗಳನ್ನು ತಿರುಗಿಸುವ ಆಷಾಢದ ಗಾಳಿ ಹೊತ್ತು ತರುವ ಮಣ್ಣು. ಇವೆಲ್ಲ ಕೊನೆಗೆ ಒದ್ದೆಯಾದ ಕ್ಯಾಪಿನ ಅಂಚಿಗೆ ಬಂದು ಅಂಟುತ್ತವೆ. ಯಂತ್ರದ ಕೋಣೆಯನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸುವುದು, ಬಾಗಿಲಿಗೂ ಯಂತ್ರಕ್ಕೂ ನಡುವೆ ಗಾಜಿನ ಅಡ್ಡಗೋಡೆ ಹಾಕುವುದು, ಇವಿಷ್ಟೇ ನಿಜವಾದ ರಕ್ಷಣೆ. ಹಾಗೆ ನೋಡಿದರೆ ಹೆಡ್ಡುಗಳು ಹೆಚ್ಚು ಹಾಳಾಗುವುದು ಗಣೇಶ ಹಬ್ಬದ ಗಡಿಬಿಡಿಯಲ್ಲಿ ಅಲ್ಲ, ಮದುವೆಯಿಲ್ಲದ, ಸಮಾರಂಭವಿಲ್ಲದ ಆಷಾಢದ ಬಿಡುವಿನಲ್ಲಿ. ಕೆಲಸವಿಲ್ಲವೆಂದು ಯಂತ್ರವನ್ನು ವಾರಗಟ್ಟಲೆ ಆರಿಸಿಡಬಾರದು. ದಿನಕ್ಕೊಮ್ಮೆ ನಾಝಲ್ ಚೆಕ್ ಮತ್ತು ನಾಲ್ಕೂ ಬಣ್ಣದ ಸಣ್ಣ ಪಟ್ಟಿಯನ್ನು ಮುದ್ರಿಸಿ, ರಾತ್ರಿ ಕ್ಯಾಪಿನಲ್ಲಿ ಕೆಲವು ಹನಿ ಸಲ್ಯೂಷನ್ ಬಿಟ್ಟು ಮುಚ್ಚಬೇಕು. ಮುದ್ರಣದ ನಡುವೆ ಕರೆಂಟು ಹೋಗಿ ಹೆಡ್ ಅರ್ಧದಾರಿಯಲ್ಲಿ ನಿಂತರೆ, ಯುಪಿಎಸ್ ಇಲ್ಲದವರು ಯಂತ್ರದ ಸ್ವಿಚ್ ಆರಿಸಿ, ಕ್ಯಾರೇಜನ್ನು ಕೈಯಿಂದ ಮೆಲ್ಲನೆ ತಳ್ಳಿ ಕ್ಯಾಪ್ ಮೇಲೆ ಕೂರಿಸಬೇಕು. ಬೇಸಿಗೆಯಲ್ಲಿ ಅರ್ಧ ಗಂಟೆ ತೆರೆದುಬಿಟ್ಟರೂ ಹೆಡ್ ಒಣಗಲು ಅಷ್ಟೇ ಸಾಕು.

ಬಣ್ಣದ ದೂರುಗಳಲ್ಲಿ ಹೆಚ್ಚಿನವು ರಿಪ್ ತಂತ್ರಾಂಶದವು. ನಾಝಲ್ ಚೆಕ್ ಪೂರ್ಣವಾಗಿದ್ದೂ ಮುಖಗಳು ಹಸಿರಾಗಿ ಬಂದರೆ ತಪ್ಪು ಪ್ರೊಫೈಲ್ (ಇಂಕು, ಮೀಡಿಯಾಗಳಿಗೆ ತಕ್ಕ ಬಣ್ಣದ ಹೊಂದಾಣಿಕೆಯ ಕಡತ) ಆಯ್ಕೆಯಾಗಿದೆ, ಅಥವಾ ಇಂಕಿನ ಕಂಪನಿ ಬದಲಾಗಿದ್ದೂ ಪ್ರೊಫೈಲ್ ಹಳೆಯದೇ ಉಳಿದಿದೆ. ಗಟ್ಟಿ ಬಣ್ಣ ಒಣಗದೆ ರೋಲಿನ ಹಿಂಬದಿಗೆ ಅಂಟುತ್ತಿದ್ದರೆ ಒಟ್ಟು ಇಂಕಿನ ಮಿತಿಯನ್ನು ರಿಪ್ಪಿನಲ್ಲಿ ಇಳಿಸಬೇಕು. ಇಂಕಿನ ಬಾಟಲಿಯ ಅವಧಿ ನೋಡಿ ಕೊಳ್ಳುವುದು, ಸುರಿಯುವ ಮೊದಲು ಮೆಲ್ಲನೆ ಅಲುಗಿಸುವುದು, ಸುರಿದ ಮೇಲೆ ಗುಳ್ಳೆ ಇಳಿಯುವವರೆಗೆ ಕಾಯುವುದು, ಇವನ್ನು ಪಾಲಿಸಿದರೆ ಸಾಕು.

ಇಷ್ಟೆಲ್ಲ ನೋಡಿದ ಮೇಲೂ ಮೂರು ಚೆಕ್ಕಿನಲ್ಲೂ ಅದೇ ಸಾಲು ಇಲ್ಲದಿದ್ದರೆ, ನೆನೆಸಿದರೂ ಬದಲಾಗದಿದ್ದರೆ, ಹೊಸ ಡ್ಯಾಂಪರ್, ಕ್ಯಾಪ್ ಹಾಕಿದರೂ ಮರಳದಿದ್ದರೆ, ಆಗ ಹೆಡ್ ಅಥವಾ ಬೋರ್ಡಿನ ಮಾತಾಡಬಹುದು. ತಂತ್ರಜ್ಞರು ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಬರಬೇಕಾಗುವುದರಿಂದ, ಫೋನ್ ಮಾಡುವ ಮೊದಲು ಕ್ಲೀನಿಂಗಿಗೆ ಮುಂಚಿನ ಮೂರು ನಾಝಲ್ ಚೆಕ್, ಗಟ್ಟಿ ಪಟ್ಟಿಯ ನಂತರದ ಚೆಕ್, ಹತ್ತು ನಿಮಿಷ ಕಾಯ್ದ ಮೇಲಿನ ಚೆಕ್ ಇವುಗಳ ಸ್ಪಷ್ಟ ಚಿತ್ರಗಳನ್ನು ದಿನಾಂಕ, ಸಮಯ ಬರೆದು ಕಳಿಸಿ. ಜೊತೆಗೆ ಯಾವ ಹೆಡ್, ಯಾವ ಇಂಕು, ಕೊನೆಯ ಸಲ ಏನನ್ನು ಬದಲಿಸಿದಿರಿ ಎಂಬುದನ್ನೂ ತಿಳಿಸಿದರೆ ಅವರು ಬರುವಾಗ ಸರಿಯಾದ ಬಿಡಿಭಾಗವನ್ನೇ ಚೀಲದಲ್ಲಿ ಹಾಕಿಕೊಂಡು ಬರುತ್ತಾರೆ.